ಎರಡು ವಿಶ್ವಕಪ್‌ಗಳ ಎಲಿಸ್ ಪೆರಿ

ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಎಲಿಸ್ ಪೆರಿ ಬ್ಯಾಟ್ ಹಿಡಿದು ಇಳಿದಾಗ ಏಳುವ ಕೂಗನ್ನು ಕೇಳಿದವರಿಗೆ, ಅವರು ಈ ಊರಿನವರಲ್ಲ ಎಂದರೆ ನಂಬುವುದು ಕಷ್ಟ. 2023ರಲ್ಲಿ ನಡೆದ ಮಹಿಳಾ ಪ್ರೀಮಿಯರ್ ಲೀಗ್‌ನ ಮೊದಲ ಹರಾಜಿನಲ್ಲಿ ರಾಯಲ್ ಚಾಲೆಂಜರ್ಸ್ ತಂಡ 1.7 ಕೋಟಿ ರೂಪಾಯಿ ಕೊಟ್ಟು ಅವರನ್ನು ಸೇರಿಸಿಕೊಂಡಿತು. ಅಂದಿನಿಂದ ಇಲ್ಲಿನ ಅಭಿಮಾನಿಗಳು ಅವರನ್ನು ಮನೆಮಗಳಂತೆಯೇ ಕಂಡಿದ್ದಾರೆ. ಅವರ ರನ್ನುಗಳ ಬಗ್ಗೆ, ವಿಕೆಟ್‌ಗಳ ಬಗ್ಗೆ ಬೇಕಾದಷ್ಟು ಬರಹಗಳು ಬಂದಿವೆ. ಆದರೆ ಅವುಗಳಲ್ಲಿ ಹೆಚ್ಚಿನವು ಒಂದು ಸಂಗತಿಯನ್ನು ಕೊನೆಯ ಸಾಲಿನಲ್ಲಿ, ಕುತೂಹಲಕ್ಕೆಂದು ಹೇಳಿ ಮುಗಿಸಿಬಿಡುತ್ತವೆ: ಪೆರಿ ಫುಟ್‌ಬಾಲ್‌ನಲ್ಲಿಯೂ ಆಸ್ಟ್ರೇಲಿಯಾವನ್ನು ಪ್ರತಿನಿಧಿಸಿದ್ದರು.

ಆ ಒಂದು ಸಾಲಿನೊಳಗೆ 18 ಅಂತರರಾಷ್ಟ್ರೀಯ ಫುಟ್‌ಬಾಲ್ ಪಂದ್ಯಗಳಿವೆ, 3 ಗೋಲುಗಳಿವೆ, ವಿಶ್ವಕಪ್‌ನ ಕ್ವಾರ್ಟರ್ ಫೈನಲ್‌ನಲ್ಲಿ ಹೊಡೆದ ಒಂದು ಅದ್ಭುತ ಗೋಲು ಇದೆ, ಹತ್ತಿರ ಹತ್ತಿರ ಹತ್ತು ವರ್ಷಗಳ ಕಾಲ ಎರಡು ತಂಡಗಳ ಅಭ್ಯಾಸದ ನಡುವೆ ಓಡಾಡಿದ ಬದುಕಿದೆ. ಕ್ರಿಕೆಟ್ ಮತ್ತು ಫುಟ್‌ಬಾಲ್ ಎರಡರ ವಿಶ್ವಕಪ್‌ಗಳಲ್ಲಿಯೂ ಆಸ್ಟ್ರೇಲಿಯಾ ಪರ ಆಡಿದ ಮೊದಲ ವ್ಯಕ್ತಿ ಪೆರಿ. ಆ ದೇಶದ ಪುರುಷರಲ್ಲಿಯೂ ಅವರಿಗಿಂತ ಮೊದಲು ಯಾರೂ ಇದನ್ನು ಸಾಧಿಸಿರಲಿಲ್ಲ. ಇದನ್ನು ಹುಟ್ಟುಪ್ರತಿಭೆಯ ಪವಾಡವೆಂದು ಹೊಗಳಿ ಸುಮ್ಮನಾಗುವುದು ನನಗೆ ಸರಿಯೆನಿಸುವುದಿಲ್ಲ. ಅವರ ಎರಡು ಆಟಗಳ ಕಥೆ ಮಹಿಳಾ ಕ್ರೀಡೆ ಹವ್ಯಾಸದಿಂದ ವೃತ್ತಿಯಾಗಿ ಬದಲಾದ ವರ್ಷಗಳ ಕಥೆಯೂ ಹೌದು. ಆ ಬದಲಾವಣೆ ಅವರಿಗೆ ಏನನ್ನು ಕೊಟ್ಟಿತು, ಅವರಿಂದ ಏನನ್ನು ಕಿತ್ತುಕೊಂಡಿತು ಎಂಬುದನ್ನು ಬಿಡಿಸಿ ಹೇಳಬೇಕೆಂಬುದೇ ಈ ಬರಹದ ಉದ್ದೇಶ.

ಪೆರಿ ಹುಟ್ಟಿದ್ದು 1990ರ ನವೆಂಬರ್ 3ರಂದು, ಸಿಡ್ನಿಯ ಉತ್ತರ ಭಾಗದ ವಾರೂಂಗಾದಲ್ಲಿ. ಬಾಲ್ಯದಲ್ಲಿ ಅವರು ಆಡದ ಆಟವಿರಲಿಲ್ಲ. ಕ್ರಿಕೆಟ್, ಫುಟ್‌ಬಾಲ್‌ಗಳ ಜೊತೆಗೆ ಟೆನಿಸ್, ಅಥ್ಲೆಟಿಕ್ಸ್, ಗಾಲ್ಫ್ ಕೂಡ ಇದ್ದವು. ಮುಂದೆ ಆಸ್ಟ್ರೇಲಿಯಾದ ನಾಯಕಿಯಾದ ಅಲಿಸಾ ಹೀಲಿ ಅವರ ಬಾಲ್ಯದ ಗೆಳತಿ, ಜೊತೆಯಲ್ಲೇ ಆಡಿ ಬೆಳೆದವರು. 2007ರ ಜುಲೈ 22ರಂದು ಡಾರ್ವಿನ್‌ನಲ್ಲಿ ನ್ಯೂಜಿಲೆಂಡ್ ವಿರುದ್ಧ ಏಕದಿನ ಪಂದ್ಯಕ್ಕೆ ಇಳಿದಾಗ ಪೆರಿಗೆ ಹದಿನಾರು ವರ್ಷ ಎಂಟು ತಿಂಗಳು. ಆಸ್ಟ್ರೇಲಿಯಾ ಪರ ಅಷ್ಟು ಚಿಕ್ಕ ವಯಸ್ಸಿನಲ್ಲಿ ಅಂತರರಾಷ್ಟ್ರೀಯ ಕ್ರಿಕೆಟ್ ಆಡಿದವರು ಅಲ್ಲಿಯವರೆಗೆ ಯಾರೂ ಇರಲಿಲ್ಲ. ಅದಾಗಿ ಎರಡು ವಾರ ಕಳೆಯುವ ಮೊದಲೇ, ಆಗಸ್ಟ್ 4ರಂದು, ಅವರು ಹಾಂಗ್‌ಕಾಂಗ್ ವಿರುದ್ಧ ಆಸ್ಟ್ರೇಲಿಯಾದ ಫುಟ್‌ಬಾಲ್ ತಂಡದಲ್ಲಿದ್ದರು. ಪಂದ್ಯದ ಎರಡನೆಯ ನಿಮಿಷದಲ್ಲೇ ಗೋಲು ಹೊಡೆದರು. ಒಂದೇ ತಿಂಗಳೊಳಗೆ ಎರಡು ಆಟಗಳಲ್ಲಿ ದೇಶದ ಅಂಗಿ ತೊಟ್ಟ ಆ ಹುಡುಗಿ ಆಗಿನ್ನೂ ಶಾಲಾ ವಿದ್ಯಾರ್ಥಿನಿ.

ಮುಂದಿನ ವರ್ಷದ ಫೆಬ್ರವರಿ 1ರಂದು ಮೆಲ್ಬರ್ನ್ ಕ್ರಿಕೆಟ್ ಮೈದಾನದಲ್ಲಿ ಇಂಗ್ಲೆಂಡ್ ವಿರುದ್ಧ ಆಡಿದ ತಮ್ಮ ಮೊದಲ ಟಿ20 ಅಂತರರಾಷ್ಟ್ರೀಯ ಪಂದ್ಯದಲ್ಲಿ ಅವರು ಔಟಾಗದೆ 29 ರನ್ ಗಳಿಸಿ, 20 ರನ್‌ಗೆ 4 ವಿಕೆಟ್ ಪಡೆದು ಪಂದ್ಯಶ್ರೇಷ್ಠರಾದರು. ಅದೇ ತಿಂಗಳು ಬೌರಲ್‌ನಲ್ಲಿ ಟೆಸ್ಟ್ ಪದಾರ್ಪಣೆಯೂ ಆಯಿತು. 2009ರಲ್ಲಿ ತವರಿನಲ್ಲೇ ನಡೆದ ಏಕದಿನ ವಿಶ್ವಕಪ್‌ನಲ್ಲಿ ಆಡಿದರು. ಆ ಸಲ ಆಸ್ಟ್ರೇಲಿಯಾ ಮೂರನೆಯ ಸ್ಥಾನದ ಪಂದ್ಯದಲ್ಲಿ ಭಾರತದ ಎದುರು ಸೋತು ನಾಲ್ಕನೆಯದಾಗಿ ಉಳಿಯಿತು. ಆ ಹೊತ್ತಿಗೆ ಅಲ್ಲಿನ ಮಹಿಳಾ ಫುಟ್‌ಬಾಲ್‌ಗೆ ಡಬ್ಲ್ಯೂ-ಲೀಗ್ ಎಂಬ ಹೊಸ ದೇಶೀಯ ಪಂದ್ಯಾವಳಿ ಆರಂಭವಾಗಿತ್ತು. ಪೆರಿ ಅದರಲ್ಲಿ ಮೊದಲು ಸೆಂಟ್ರಲ್ ಕೋಸ್ಟ್ ಮ್ಯಾರಿನರ್ಸ್, ನಂತರ ಕ್ಯಾನ್‌ಬೆರಾ ಯುನೈಟೆಡ್ ಪರ ರಕ್ಷಣಾ ಸಾಲಿನಲ್ಲಿ ಆಡುತ್ತಿದ್ದರು.

ಇಲ್ಲಿ ಸ್ವಲ್ಪ ನಿಂತು ಯೋಚಿಸಬೇಕು. ವೇಗದ ಬೌಲಿಂಗ್ ಮತ್ತು ಫುಟ್‌ಬಾಲ್ ರಕ್ಷಣೆ ಒಂದೇ ದೇಹದಿಂದ ಕೇಳುವ ಕೆಲಸಗಳು ಬೇರೆ ಬೇರೆ. ವೇಗದ ಬೌಲರ್ ಓಡಿಬಂದು ಚೆಂಡನ್ನು ಬಿಡುವ ಕ್ಷಣದಲ್ಲಿ ಮುಂಗಾಲಿನ ಮೇಲೆ ದೇಹತೂಕದ ಹಲವು ಪಟ್ಟು ಭಾರ ಬೀಳುತ್ತದೆ. ಹಿಮ್ಮಡಿ, ಮೊಣಕಾಲು, ಸೊಂಟದ ಮೇಲಿನ ಬೆನ್ನು ಅದನ್ನು ಹೊರಬೇಕು. ಆ ಭಾರ ಒಂದೇ ದಿಕ್ಕಿನಲ್ಲಿ, ಒಂದೇ ಬಗೆಯಲ್ಲಿ, ನೂರಾರು ಬಾರಿ ಬೀಳುತ್ತದೆ. ಫುಟ್‌ಬಾಲ್‌ನ ರಕ್ಷಣಾ ಆಟಗಾರ್ತಿ ತೊಂಬತ್ತು ನಿಮಿಷಗಳ ಕಾಲ ಎದುರಾಳಿಯ ನಡೆಯನ್ನು ನೋಡಿ ಪಕ್ಕಕ್ಕೆ ಜಿಗಿಯಬೇಕು, ಹಿಂದಕ್ಕೆ ಓಡಬೇಕು, ಥಟ್ಟನೆ ತಿರುಗಬೇಕು. ಒಂದು ಆಟಕ್ಕೆ ಬೇಕಾದ ಸ್ನಾಯುಬಲ ಇನ್ನೊಂದು ಆಟದಲ್ಲಿ ಹೊರೆಯಾಗಬಹುದು. ಒಂದರ ಪೆಟ್ಟು ಇನ್ನೊಂದರ ಋತುವನ್ನೇ ತಿಂದುಹಾಕಬಹುದು. ಹಾಗಾಗಿ ಇಬ್ಬರು ತರಬೇತುದಾರರ ಅಭ್ಯಾಸದ ಯೋಜನೆಗಳು ಒಂದೇ ಜೋಡಿ ಕಾಲುಗಳ ಮೇಲೆ ಹೇರಿಕೆಯಾಗುವ ಬದುಕನ್ನು ಹೊರಗಿನಿಂದ ನೋಡಿ ಸೊಗಸೆನ್ನುವುದು ಸುಲಭ, ಅದನ್ನು ವರ್ಷಗಟ್ಟಲೆ ನಡೆಸುವುದು ಬಹಳ ಶ್ರಮದ ಕೆಲಸ.

ಆದರೂ ಒಂದು ಆಟ ಇನ್ನೊಂದಕ್ಕೆ ನೆರವಾದ ಕ್ಷಣವೊಂದು ದಾಖಲೆಯಲ್ಲಿ ಉಳಿದಿದೆ. 2010ರ ಮೇ 16, ಬಾರ್ಬಡೋಸ್‌ನ ಬ್ರಿಜ್‌ಟೌನ್, ಮಹಿಳಾ ಟಿ20 ವಿಶ್ವಕಪ್‌ನ ಫೈನಲ್. ಆಸ್ಟ್ರೇಲಿಯಾ ಗಳಿಸಿದ್ದು 8 ವಿಕೆಟ್‌ಗೆ 106 ಮಾತ್ರ. ನ್ಯೂಜಿಲೆಂಡ್‌ಗೆ ಕೊನೆಯ ಓವರ್‌ನಲ್ಲಿ ಗೆಲ್ಲಲು 14 ರನ್ ಬೇಕಿತ್ತು, ಚೆಂಡು ಹತ್ತೊಂಬತ್ತು ವರ್ಷದ ಪೆರಿಯ ಕೈಯಲ್ಲಿತ್ತು. ಕೊನೆಯ ಎಸೆತ ಬಂದಾಗ ಗೆಲುವಿಗೆ 5 ರನ್ ಬಾಕಿ, ಬೌಂಡರಿ ಸಿಕ್ಕರೆ ಪಂದ್ಯ ಸಮ. ಕ್ರೀಸಿನಲ್ಲಿದ್ದ ಸೋಫಿ ಡಿವೈನ್ ಚೆಂಡನ್ನು ಬಲವಾಗಿ ನೇರಕ್ಕೆ ಬಾರಿಸಿದರು. ನೆಲಕ್ಕಂಟಿಕೊಂಡು ಬೌಲರ್‌ನ ಪಕ್ಕದಲ್ಲೇ ಹಾದು ಬೌಂಡರಿಯತ್ತ ಹೊರಟ ಹೊಡೆತ ಅದು. ಚೆಂಡು ಬಿಟ್ಟು ಇನ್ನೂ ಮುಂದಕ್ಕೆ ವಾಲುತ್ತಿದ್ದ ಪೆರಿಗೆ ಬಾಗಿ ಕೈಯೊಡ್ಡಲು ಸಮಯವೇ ಇರಲಿಲ್ಲ. ಅವರು ಬಲಗಾಲನ್ನು ಚಾಚಿದರು. ಬೂಟಿಗೆ ತಗುಲಿದ ಚೆಂಡು ದಿಕ್ಕು ಬದಲಿಸಿ ಮಿಡ್ ಆನ್‌ನಲ್ಲಿದ್ದ ಲಿಸಾ ಸ್ಥಳೇಕರ್ ಅವರ ಕೈ ಸೇರಿತು. ಬಂದದ್ದು ಒಂದೇ ರನ್, ಆಸ್ಟ್ರೇಲಿಯಾಕ್ಕೆ 3 ರನ್‌ಗಳ ಗೆಲುವು, ಮೊದಲ ಟಿ20 ವಿಶ್ವಕಪ್. 18 ರನ್‌ಗೆ 3 ವಿಕೆಟ್ ಪಡೆದ ಪೆರಿ ಫೈನಲ್‌ನ ಪಂದ್ಯಶ್ರೇಷ್ಠೆ.

ಆ ಕಾಲು ಚಾಚಿದ್ದು ಅದೃಷ್ಟವೆಂದು ಹೇಳುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ತನ್ನನ್ನು ದಾಟಿ ಹೋಗುವ ಚೆಂಡಿಗೆ ಕಾಲನ್ನು ಅಡ್ಡ ಇಡುವುದು ರಕ್ಷಣಾ ಸಾಲಿನ ಆಟಗಾರ್ತಿ ವಾರವಿಡೀ ಮಾಡುವ ಅಭ್ಯಾಸ. ಯೋಚಿಸಲು ಸಮಯ ಸಿಗದ ಕಡೆ ದೇಹ ತನಗೆ ರೂಢಿಯಾದದ್ದನ್ನೇ ಮಾಡುತ್ತದೆ. ಎದುರಿಗಿದ್ದ ಡಿವೈನ್ ಕೂಡ ನ್ಯೂಜಿಲೆಂಡ್ ಪರ ಹಾಕಿಯನ್ನೂ ಕ್ರಿಕೆಟ್ಟನ್ನೂ ಆಡಿದವರು ಎಂಬುದು ಈ ಪ್ರಸಂಗದಲ್ಲಿ ನನಗೆ ಬಹಳ ಇಷ್ಟವಾಗುವ ಸಂಗತಿ. ಅದೇ ನ್ಯೂಜಿಲೆಂಡ್ ತಂಡದಲ್ಲಿದ್ದ ಸೂಸಿ ಬೇಟ್ಸ್, 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ತಮ್ಮ ದೇಶದ ಬಾಸ್ಕೆಟ್‌ಬಾಲ್ ತಂಡಕ್ಕೆ ಆಡಿ ಬಂದಿದ್ದರು. ಒಂದೇ ಟೂರ್ನಿಯ ಎರಡು ಅಗ್ರ ತಂಡಗಳಲ್ಲಿ ಎರಡು ಆಟಗಳ ಅಂತರರಾಷ್ಟ್ರೀಯ ಆಟಗಾರ್ತಿಯರು ಮೂವರಿದ್ದರೆಂದರೆ, ಅದು ಆ ಕಾಲದ ಮಹಿಳಾ ಕ್ರೀಡೆಯ ಸ್ವರೂಪವನ್ನೇ ಹೇಳುತ್ತದೆ. ಹದಿಮೂರು ವರ್ಷಗಳ ನಂತರ ಆ ಕೊನೆಯ ಎಸೆತವನ್ನು ಎಸೆದವರೂ ಎದುರಿಸಿದವರೂ ಬೆಂಗಳೂರಿನ ಒಂದೇ ತಂಡದ ಅಂಗಿಯಲ್ಲಿ ಜೊತೆಯಾಗಿ ಆಡಿದರು.

ಇನ್ನು 2011ರ ಜರ್ಮನಿ. ಮಹಿಳಾ ಫುಟ್‌ಬಾಲ್ ವಿಶ್ವಕಪ್‌ನಲ್ಲಿ ಆಸ್ಟ್ರೇಲಿಯಾ ಕ್ವಾರ್ಟರ್ ಫೈನಲ್ ತಲುಪಿತ್ತು. ಜುಲೈ 10ರಂದು ಆಗ್ಸ್‌ಬರ್ಗ್‌ನಲ್ಲಿ ಎದುರಾಳಿ ಸ್ವೀಡನ್. ಪಂದ್ಯ ಶುರುವಾಗಿ ಕಾಲು ಗಂಟೆ ಕಳೆಯುತ್ತಿದ್ದಂತೆ ಸ್ವೀಡನ್ ಎರಡು ಗೋಲುಗಳಿಂದ ಮುಂದಿತ್ತು. 40ನೆಯ ನಿಮಿಷದಲ್ಲಿ ಆಸ್ಟ್ರೇಲಿಯಾಕ್ಕೆ ಕಾರ್ನರ್ ಕಿಕ್ ಸಿಕ್ಕಿತು. ಚೆಂಡು ಗುಂಪಿನೊಳಗೆ ಹೋಗದೆ ಪೆನಾಲ್ಟಿ ಆವರಣದ ಹೊರಗಿದ್ದ ಪೆರಿಯ ಬಳಿ ಬಂತು. ಅಲ್ಲಿಂದ ಅವರು ಎಡಗಾಲಿನಲ್ಲಿ ಹೊಡೆದ ಚೆಂಡು ಗಾಳಿಯಲ್ಲಿ ಬಾಗುತ್ತ, ಗೋಲ್‌ಕೀಪರ್ ಹೆಡ್ವಿಗ್ ಲಿಂಡಾಲ್ ಅವರ ಕೈಗೆ ಸಿಗದೆ, ಬಲೆಯ ಮೇಲಿನ ಮೂಲೆಯನ್ನು ಹೊಕ್ಕಿತು. ಕೊನೆಗೆ ಸ್ವೀಡನ್ 3-1ರಿಂದ ಗೆದ್ದಿತು. ಆ ಪಂದ್ಯದಲ್ಲಿ ಆಸ್ಟ್ರೇಲಿಯಾದ ಏಕೈಕ ಗೋಲು ಪೆರಿಯದು.

ಆ ಗೋಲಿನ ದೃಶ್ಯವನ್ನು ನಾನು ಮತ್ತೆ ಮತ್ತೆ ನೋಡಿದ್ದೇನೆ, ನೋಡಿದಾಗಲೆಲ್ಲ ಅದೇ ಬೆರಗು. ರಕ್ಷಣಾ ಆಟಗಾರ್ತಿಯೊಬ್ಬರು ವಿಶ್ವಕಪ್‌ನ ಸೋಲು-ಗೆಲುವಿನ ಪಂದ್ಯದಲ್ಲಿ ಅಷ್ಟು ದೂರದಿಂದ ಅಷ್ಟು ಖಚಿತವಾಗಿ ಹೊಡೆಯುವುದು ಅಪರೂಪ. ಬಿಡುವಿನ ಹೊತ್ತಿನಲ್ಲಿ ಫುಟ್‌ಬಾಲ್ ಆಡುವ ಕ್ರಿಕೆಟ್ ಆಟಗಾರ್ತಿಯ ಹೊಡೆತ ಅದಲ್ಲ. ಆ ಆಟವನ್ನು ಪೂರ್ತಿಯಾಗಿ ಕಲಿತವರ ಹೊಡೆತ. ಪೆರಿಯ ಫುಟ್‌ಬಾಲನ್ನು ಕುತೂಹಲದ ಅಡಿಟಿಪ್ಪಣಿಯಾಗಿ ಕಾಣುವವರು ಆ ಒಂದು ಗೋಲನ್ನಾದರೂ ನೋಡಬೇಕೆಂದು ನನ್ನ ವಿನಂತಿ.

ಮರುವರ್ಷವೇ ತೊಡಕು ಎದ್ದಿತು. 2012ರಲ್ಲಿ ಕ್ಯಾನ್‌ಬೆರಾ ಯುನೈಟೆಡ್ ತನ್ನ ಆಟಗಾರ್ತಿಯಿಂದ ಫುಟ್‌ಬಾಲ್‌ಗೆ ಹೆಚ್ಚಿನ ಬದ್ಧತೆಯನ್ನು ಬಯಸಿತು. ಪೆರಿ ಎರಡೂ ಆಟಗಳನ್ನು ಮುಂದುವರಿಸಲು ಬಯಸಿದರು. ಕೊನೆಗೆ ಅವರು ತಮ್ಮ ಕ್ರಿಕೆಟ್ ವೇಳಾಪಟ್ಟಿಗೆ ಜಾಗ ಕೊಡಲು ಒಪ್ಪಿದ ಸಿಡ್ನಿ ಎಫ್‌ಸಿ ಸೇರಿದರು. ಈ ವಿಚಾರದಲ್ಲಿ ಯಾರನ್ನೂ ದೂರಲು ನನಗೆ ಮನಸ್ಸಿಲ್ಲ. ಒಂದು ಕ್ಲಬ್ಬಿಗೆ ಋತುವಿನ ಅರ್ಧದಲ್ಲಿ ಆಟಗಾರ್ತಿ ಸಿಗದಿದ್ದರೆ ಆಗುವ ಕಷ್ಟ ನಿಜವಾದದ್ದೇ, ಹಾಗೆಯೇ ಆಟಗಾರ್ತಿಯ ಆಸೆಯೂ ನ್ಯಾಯವಾದದ್ದೇ. ಮುಖ್ಯ ಸಂಗತಿಯೆಂದರೆ, ಅಲ್ಲಿಯವರೆಗೆ ಹೊಂದಿಸಿಕೊಂಡು ಹೋಗಬಹುದಾಗಿದ್ದ ಎರಡು ಕ್ಯಾಲೆಂಡರ್‌ಗಳು ಆ ಹೊತ್ತಿಗೆ ಒಂದನ್ನೊಂದು ತಳ್ಳತೊಡಗಿದ್ದವು. ಆಸ್ಟ್ರೇಲಿಯಾದಲ್ಲಿ ಮಹಿಳಾ ಫುಟ್‌ಬಾಲ್ ಲೀಗ್ ನಡೆಯುವುದು ಬೇಸಿಗೆಯಲ್ಲಿ, ಕ್ರಿಕೆಟ್ ಋತುವೂ ಅದೇ ಬೇಸಿಗೆ.

2013ರ ಫೆಬ್ರವರಿ 17ರಂದು ಮುಂಬೈನ ಬ್ರೆಬೋರ್ನ್ ಕ್ರೀಡಾಂಗಣದಲ್ಲಿ ಏಕದಿನ ವಿಶ್ವಕಪ್ ಫೈನಲ್ ನಡೆದಾಗ ಪೆರಿಯ ಕಣಕಾಲು ನೋವಿನಲ್ಲಿತ್ತು. ಅದೇ ಕಾರಣಕ್ಕೆ ಅದಕ್ಕೂ ಹಿಂದಿನ ಪಂದ್ಯಗಳನ್ನು ತಪ್ಪಿಸಿಕೊಂಡಿದ್ದ ಅವರು ಫೈನಲ್‌ಗೆ ಹೇಗೋ ಸಿದ್ಧರಾಗಿ ಬಂದಿದ್ದರು. ಮೊದಲ ಎಸೆತಕ್ಕೆ ಓಡಿಬಂದು ನಿಂತುಬಿಟ್ಟರು. ಮತ್ತೆ ಓಡಿಬಂದರು, ಮತ್ತೆ ನಿಂತರು. ಇನ್ನು ಆಗುವುದಿಲ್ಲವೆಂದು ನೋಡುವವರೆಲ್ಲ ಅಂದುಕೊಳ್ಳುವಷ್ಟರಲ್ಲಿ ಮೂರನೆಯ ಸಲ ಓಡಿಬಂದು ಚೆಂಡನ್ನು ಎಸೆದರು. ವೆಸ್ಟ್ ಇಂಡೀಸ್‌ನ ಮೊದಲ ಮೂರೂ ವಿಕೆಟ್‌ಗಳು ಅವರವೇ, ಸ್ಟೆಫನಿ ಟೇಲರ್ ಅವರದ್ದೂ ಸೇರಿ. ಹತ್ತು ಓವರ್‌ಗಳಲ್ಲಿ ಕೊಟ್ಟದ್ದು 19 ರನ್. ಆಸ್ಟ್ರೇಲಿಯಾ 114 ರನ್‌ಗಳಿಂದ ಗೆದ್ದಿತು, ಪೆರಿ ಅದಾದ ಮೇಲೆ ಶಸ್ತ್ರಚಿಕಿತ್ಸೆಗೆ ಹೋದರು. ಕಣಕಾಲಿನ ನೋವನ್ನು ಯಾವ ಆಟದ ಲೆಕ್ಕಕ್ಕೆ ಬರೆಯಬೇಕೆಂದು ಹೊರಗಿನಿಂದ ಹೇಳಲಾಗದು. ಆ ದೇಹ ಎರಡು ಆಟಗಳ ದುಡಿಮೆಯನ್ನು ಹೊತ್ತಿತ್ತು ಎಂಬುದಂತೂ ನಿಜ. ಆಸ್ಟ್ರೇಲಿಯಾದ ಫುಟ್‌ಬಾಲ್ ತಂಡಕ್ಕೆ ಅವರು ಕೊನೆಯ ಬಾರಿ ಆಡಿದ್ದೂ 2013ರಲ್ಲಿಯೇ. ಸಿಡ್ನಿ ಎಫ್‌ಸಿಯೊಂದಿಗಿನ ನಂಟು ಮಾತ್ರ 2016ರವರೆಗೆ ಉಳಿಯಿತು.

ಈ ಭಾಗವನ್ನು ಹಲವರು 'ಪೆರಿ ಕೊನೆಗೂ ಕ್ರಿಕೆಟ್ಟನ್ನು ಆರಿಸಿಕೊಂಡರು' ಎಂದು ಒಂದೇ ವಾಕ್ಯದಲ್ಲಿ ಮುಗಿಸುತ್ತಾರೆ. ಆಯ್ಕೆ ಅವರದ್ದೇ ಇರಬಹುದು, ಆದರೆ ಆ ಆಯ್ಕೆಯನ್ನು ಅನಿವಾರ್ಯ ಮಾಡಿದ ಬದಲಾವಣೆಗಳು ಅವರ ಸುತ್ತಲೂ ನಡೆಯುತ್ತಿದ್ದವು. 2007ರಲ್ಲಿ ಎರಡು ಆಟ ಆಡಲು ಸಾಧ್ಯವಾದದ್ದಕ್ಕೆ ಅವರ ಪ್ರತಿಭೆಯಷ್ಟೇ ಕಾರಣವಲ್ಲ. ಎರಡೂ ಆಟಗಳಲ್ಲಿ ಮಹಿಳೆಯರಿಗೆ ಪೂರ್ಣಾವಧಿ ಸಂಬಳವಿರಲಿಲ್ಲ, ಪಂದ್ಯಗಳು ಕಡಿಮೆ, ಪ್ರವಾಸಗಳ ನಡುವೆ ತಿಂಗಳುಗಟ್ಟಲೆ ಖಾಲಿ ಸಮಯ. ಸಂಬಳ ಕೊಡದ ಸಂಸ್ಥೆಗೆ ಆಟಗಾರ್ತಿಯ ಇಡೀ ವರ್ಷವನ್ನು ಕೇಳುವ ಹಕ್ಕೂ ಇರುವುದಿಲ್ಲ. ಆ ಕಾಲದ ಆಟಗಾರ್ತಿಯರು ಹೊಟ್ಟೆಪಾಡಿಗೆ ಕೆಲಸ ಮಾಡಿಕೊಂಡು, ಓದಿಕೊಂಡು, ಉಳಿದ ಹೊತ್ತಿನಲ್ಲಿ ದೇಶಕ್ಕೆ ಆಡುತ್ತಿದ್ದರು. ಆ ಉಳಿದ ಹೊತ್ತಿನಲ್ಲಿ ಪೆರಿ ಎರಡನೆಯ ಆಟವನ್ನು ಆಡಿದರು.

ಆಮೇಲೆ ಹಣ ಬರತೊಡಗಿತು, ಅದೂ ಹೋರಾಟದ ನಂತರ. 2015ರ ಸೆಪ್ಟೆಂಬರ್‌ನಲ್ಲಿ ಆಸ್ಟ್ರೇಲಿಯಾದ ಫುಟ್‌ಬಾಲ್ ಆಟಗಾರ್ತಿಯರು ವೇತನದ ವಿವಾದದಲ್ಲಿ ಮುಷ್ಕರ ಹೂಡಿ, ವಿಶ್ವ ಚಾಂಪಿಯನ್ ಅಮೆರಿಕದ ವಿರುದ್ಧದ ಪ್ರವಾಸಕ್ಕೆ ಹೋಗಲು ನಿರಾಕರಿಸಿದರು. ಆಗ ಅವರ ಮೂಲ ವಾರ್ಷಿಕ ಒಪ್ಪಂದದ ಮೊತ್ತ ಸುಮಾರು 21,000 ಆಸ್ಟ್ರೇಲಿಯನ್ ಡಾಲರ್ ಆಗಿತ್ತು. ಅದೇ ವರ್ಷದ ಡಿಸೆಂಬರ್‌ನಲ್ಲಿ ಕ್ರಿಕೆಟ್‌ನ ಮಹಿಳಾ ಬಿಗ್ ಬ್ಯಾಷ್ ಲೀಗ್ ಆರಂಭವಾಯಿತು, ಪೆರಿ ಸಿಡ್ನಿ ಸಿಕ್ಸರ್ಸ್ ನಾಯಕಿಯಾದರು. 2017ರ ವೇತನ ಒಪ್ಪಂದದಲ್ಲಿ ಆಸ್ಟ್ರೇಲಿಯಾದ ಮಹಿಳಾ ಕ್ರಿಕೆಟಿಗರಿಗೆ ಮೀಸಲಾದ ಒಟ್ಟು ಮೊತ್ತ 75 ಲಕ್ಷ ಡಾಲರ್‌ನಿಂದ 5.52 ಕೋಟಿ ಡಾಲರ್‌ಗೆ ಏರಿತು. ಇದು ಸಣ್ಣ ಏರಿಕೆಯಲ್ಲ. ಕ್ರಿಕೆಟ್ ಆಡಿಯೇ ಬದುಕಬಹುದು ಎಂಬ ಭರವಸೆ ಒಂದು ತಲೆಮಾರಿನ ಹೆಣ್ಣುಮಕ್ಕಳಿಗೆ ಸಿಕ್ಕಿದ್ದು ಆಗ. ಆ ಭರವಸೆಯ ಜೊತೆಯಲ್ಲೇ ವರ್ಷಪೂರ್ತಿ ತರಬೇತಿ, ದೈಹಿಕ ಸಾಮರ್ಥ್ಯದ ಗುರಿಗಳು, ಗಾಯದ ಅಪಾಯವಿರುವ ಬೇರೆ ಆಟಗಳಿಂದ ದೂರವಿರಬೇಕೆಂಬ ನಿರೀಕ್ಷೆ ಎಲ್ಲವೂ ಬಂದವು. ಎರಡನೆಯ ಆಟಕ್ಕೆ ಇದ್ದ ಖಾಲಿ ಜಾಗ ತುಂಬಿಹೋಯಿತು. ಸಂಬಳ ಬಂದದ್ದು ಸರಿಯಾದದ್ದೇ, ಬಹಳ ತಡವಾಗಿ ಬಂತು ಎಂಬುದೇ ನನ್ನ ದೂರು. ಆದರೆ ಆ ಸರಿಯಾದ ಬದಲಾವಣೆಗೂ ಒಂದು ಬೆಲೆಯಿತ್ತು, ಅದನ್ನು ತೆತ್ತವರಲ್ಲಿ ಪೆರಿಯೂ ಒಬ್ಬರು.

ಹಿಂದಿನ ತಲೆಮಾರನ್ನು ನೋಡಿದರೆ ಇದು ಇನ್ನಷ್ಟು ಸ್ಪಷ್ಟವಾಗುತ್ತದೆ. 1973ರ ಮೊದಲ ಮಹಿಳಾ ಕ್ರಿಕೆಟ್ ವಿಶ್ವಕಪ್‌ನಲ್ಲಿ, ಅಂದರೆ ಪುರುಷರ ಮೊದಲ ವಿಶ್ವಕಪ್‌ಗಿಂತ ಎರಡು ವರ್ಷ ಮೊದಲು, ಇಂಗ್ಲೆಂಡನ್ನು ಮುನ್ನಡೆಸಿದ ರೇಚಲ್ ಹೇಹೋ ಫ್ಲಿಂಟ್ ತಮ್ಮ ದೇಶದ ಹಾಕಿ ತಂಡಕ್ಕೂ ಗೋಲ್‌ಕೀಪರ್ ಆಗಿದ್ದವರು. ಇಂದು ಐಸಿಸಿ ವರ್ಷದ ಶ್ರೇಷ್ಠ ಮಹಿಳಾ ಕ್ರಿಕೆಟಿಗರಿಗೆ ಕೊಡುವ ಪ್ರಶಸ್ತಿ ಅವರ ಹೆಸರಿನಲ್ಲಿದೆ. 2017ರಲ್ಲಿ ಅದನ್ನು ಮೊದಲು ಪಡೆದವರು ಪೆರಿ, 2019ರಲ್ಲಿ ಮತ್ತೊಮ್ಮೆ ಪಡೆದರು. ಹಾಕಿ ಗೋಲ್‌ಕೀಪರ್ ಆಗಿದ್ದ ಕ್ರಿಕೆಟ್ ನಾಯಕಿಯ ಹೆಸರಿನ ಪ್ರಶಸ್ತಿ ಫುಟ್‌ಬಾಲ್ ವಿಶ್ವಕಪ್‌ನಲ್ಲಿ ಗೋಲು ಹೊಡೆದ ಕ್ರಿಕೆಟಿಗರಿಗೆ ಸಿಕ್ಕಿತು. ಪ್ರಶಸ್ತಿಯ ಸುದ್ದಿಗಳಲ್ಲಿ ಈ ನಂಟನ್ನು ಗುರುತಿಸಿದವರನ್ನು ನಾನು ಹೆಚ್ಚಾಗಿ ಕಂಡಿಲ್ಲ.

ಪೆರಿಯ ನಂತರದ ಕಾಲದಲ್ಲಿ ಎರಡು ಆಟಗಳ ನಡುವೆ ಓಡಾಡಿದವರಲ್ಲಿ ಆಶ್ಲಿ ಬಾರ್ಟಿಯ ಹೆಸರು ಎದ್ದು ಕಾಣುತ್ತದೆ. ಟೆನಿಸ್‌ನಿಂದ ಬಿಡುವು ಪಡೆದು, 2015-16ರ ಋತುವಿನಲ್ಲಿ ಬ್ರಿಸ್ಬೇನ್ ಹೀಟ್ ಪರ ಮಹಿಳಾ ಬಿಗ್ ಬ್ಯಾಷ್ ಆಡಿ, ಮತ್ತೆ ಟೆನಿಸ್‌ಗೆ ಮರಳಿದ ಅವರು 2019ರಲ್ಲಿ ಫ್ರೆಂಚ್ ಓಪನ್, 2021ರಲ್ಲಿ ವಿಂಬಲ್ಡನ್, 2022ರಲ್ಲಿ ಆಸ್ಟ್ರೇಲಿಯನ್ ಓಪನ್ ಗೆದ್ದರು. ಆದರೆ ಬಾರ್ಟಿ ಒಂದನ್ನು ಬಿಟ್ಟು ಇನ್ನೊಂದನ್ನು ಹಿಡಿದರು. ಪೆರಿಯಂತೆ ಎರಡನ್ನೂ ಒಂದೇ ಕಾಲದಲ್ಲಿ, ಎರಡರಲ್ಲೂ ರಾಷ್ಟ್ರೀಯ ತಂಡದ ಮಟ್ಟದಲ್ಲಿ ಹಿಡಿದಿಟ್ಟುಕೊಳ್ಳುವುದು ಬೇರೆಯೇ ಸಂಗತಿ.

ಫುಟ್‌ಬಾಲ್ ಹಿಂದೆ ಸರಿದ ನಂತರ ಪೆರಿಯ ಕ್ರಿಕೆಟ್ ಹೇಗಾಯಿತು ಎಂಬುದು ಗಮನಿಸಬೇಕಾದ ವಿಚಾರ. ಆರಂಭದ ವರ್ಷಗಳಲ್ಲಿ ಅವರು ಮುಖ್ಯವಾಗಿ ವೇಗದ ಬೌಲರ್, ಬ್ಯಾಟಿಂಗ್ ಕ್ರಮಾಂಕದಲ್ಲಿ ಕೆಳಗೆ ಬರುತ್ತಿದ್ದವರು. 2014ರ ಆಸುಪಾಸಿನಿಂದ ಅವರು ಆಸ್ಟ್ರೇಲಿಯಾದ ಮಧ್ಯಮ ಕ್ರಮಾಂಕದ ಬೆನ್ನೆಲುಬಾದರು. 2017ರ ನವೆಂಬರ್‌ನಲ್ಲಿ ನಾರ್ತ್ ಸಿಡ್ನಿ ಓವಲ್‌ನಲ್ಲಿ ನಡೆದ ಮೊದಲ ಮಹಿಳಾ ಹಗಲು-ರಾತ್ರಿ ಟೆಸ್ಟ್‌ನಲ್ಲಿ ಇಂಗ್ಲೆಂಡ್ ವಿರುದ್ಧ 374 ಎಸೆತಗಳಲ್ಲಿ ಔಟಾಗದೆ 213 ರನ್ ಗಳಿಸಿದರು. ಅದು ಟೆಸ್ಟ್‌ನಲ್ಲಿ ಆಸ್ಟ್ರೇಲಿಯಾದ ಮಹಿಳೆಯೊಬ್ಬರ ಅತಿ ಹೆಚ್ಚಿನ ಮೊತ್ತ. ದ್ವಿಶತಕದ ಹೊಸ್ತಿಲಲ್ಲಿ ಅವರು ಹೊಡೆದ ಚೆಂಡು ಸಿಕ್ಸರ್ ಎಂದು ತಿಳಿದು ಹೆಲ್ಮೆಟ್ ತೆಗೆದು ಸಂಭ್ರಮಿಸಿದರು. ಪರಿಶೀಲಿಸಿದಾಗ ಅದು ಬೌಂಡರಿ ಮಾತ್ರ ಎಂದು ತಿಳಿಯಿತು. ನಗುತ್ತ ಮತ್ತೆ ಹೆಲ್ಮೆಟ್ ತೊಟ್ಟು, ಇನ್ನೊಂದು ಬೌಂಡರಿ ಹೊಡೆದು, ಎರಡನೆಯ ಬಾರಿ ಸಂಭ್ರಮಿಸಿದರು. ವಿಚಿತ್ರವೆಂದರೆ ಟೆಸ್ಟ್ ದ್ವಿಶತಕ ಬಂದಾಗ ಅವರ ಖಾತೆಯಲ್ಲಿ ಇನ್ನೂ ಒಂದು ಏಕದಿನ ಶತಕವೂ ಇರಲಿಲ್ಲ, ಅದು 2019ರಲ್ಲಿ ಬಂತು. ಅದೇ ವರ್ಷ ಕ್ಯಾಂಟರ್ಬರಿಯಲ್ಲಿ ಇಂಗ್ಲೆಂಡನ್ನು 75 ರನ್‌ಗೆ ಉರುಳಿಸಿದ ಪಂದ್ಯದಲ್ಲಿ ಅವರು 22 ರನ್‌ಗೆ 7 ವಿಕೆಟ್ ಪಡೆದರು.

ಒಂದೇ ಆಟಕ್ಕೆ ಮೀಸಲಾದ್ದರಿಂದ ಈ ಎತ್ತರ ಸಿಕ್ಕಿತೆಂದು ವಾದಿಸಬಹುದು. ಬ್ಯಾಟಿಂಗ್‌ನಂಥ ತಾಳ್ಮೆಯ ಕಲೆಗೆ ಸಾವಿರಾರು ಎಸೆತಗಳ ಅಭ್ಯಾಸ ಬೇಕು, ಅದಕ್ಕೆ ಸಮಯ ಬೇಕು. ಈ ವಾದದಲ್ಲಿ ಹುರುಳಿದೆ. ಆದರೂ ಹತ್ತು ಹನ್ನೆರಡು ವರ್ಷದವರಿದ್ದಾಗಲೇ ಅವರನ್ನು ಒಂದು ಆಟಕ್ಕೆ ಕಟ್ಟಿಹಾಕಿದ್ದರೆ ಇದೇ ಎತ್ತರ ಸಿಗುತ್ತಿತ್ತೆಂದು ನಾನು ಒಪ್ಪಲಾರೆ. ಬ್ರಿಜ್‌ಟೌನ್‌ನಲ್ಲಿ ಚಾಚಿದ ಕಾಲು, ಅಂಗಳದಲ್ಲಿ ಚೆಂಡಿನ ಕಡೆಗೆ ಕ್ಷಣದಲ್ಲಿ ತಿರುಗುವ ಚುರುಕು, ಒತ್ತಡದ ಪಂದ್ಯಗಳನ್ನು ಎರಡು ಬೇರೆ ಲೋಕಗಳಲ್ಲಿ ಕಂಡ ಅನುಭವ, ಇವೆಲ್ಲ ಒಂದೇ ಆಟ ಆಡಿದವರಿಗೆ ಬರುವುದು ಕಷ್ಟ.

ದೇಹ ಮತ್ತೊಮ್ಮೆ ಕೈಕೊಟ್ಟದ್ದು 2020ರಲ್ಲಿ. ತವರಿನ ಟಿ20 ವಿಶ್ವಕಪ್‌ನಲ್ಲಿ ನ್ಯೂಜಿಲೆಂಡ್ ವಿರುದ್ಧದ ಪಂದ್ಯದಲ್ಲಿ ಕ್ಷೇತ್ರರಕ್ಷಣೆ ಮಾಡುವಾಗ ತೊಡೆಯ ಹಿಂಭಾಗದ ಹ್ಯಾಮ್‌ಸ್ಟ್ರಿಂಗ್‌ಗೆ ತೀವ್ರ ಪೆಟ್ಟಾಯಿತು. ಮಾರ್ಚ್ 8ರಂದು ಮೆಲ್ಬರ್ನ್‌ನಲ್ಲಿ 86,174 ಪ್ರೇಕ್ಷಕರ ಮುಂದೆ ಆಸ್ಟ್ರೇಲಿಯಾ ಭಾರತವನ್ನು ಸೋಲಿಸಿ ಕಪ್ ಎತ್ತಿದಾಗ ಪೆರಿ ಆಡುವ ಹನ್ನೊಂದರಲ್ಲಿ ಇರಲಿಲ್ಲ. ಹದಿಮೂರು ವರ್ಷಗಳ ಹಿಂದೆ ಖಾಲಿ ಆಸನಗಳ ಮುಂದೆ ಆಡಲು ಆರಂಭಿಸಿದವರಿಗೆ, ತಮ್ಮ ಆಟ ಅಷ್ಟು ದೊಡ್ಡ ಜನಸಾಗರವನ್ನು ಕಂಡ ದಿನ ಅಂಗಳಕ್ಕಿಳಿಯಲು ಆಗಲಿಲ್ಲವೆಂಬುದು ನನಗೆ ಇಂದಿಗೂ ನೋವಿನ ಸಂಗತಿ. ಅದೇ ವರ್ಷದ ಕೊನೆಯಲ್ಲಿ ಐಸಿಸಿ ಅವರನ್ನು ದಶಕದ ಶ್ರೇಷ್ಠ ಮಹಿಳಾ ಕ್ರಿಕೆಟಿಗರೆಂದು ಹೆಸರಿಸಿತು.

ಗಾಯದ ನಂತರ ಬೌಲಿಂಗ್ ಕಡಿಮೆಯಾಯಿತು, ಟಿ20 ತಂಡದಲ್ಲಿ ಅವರ ಸ್ಥಾನವೇ ಪ್ರಶ್ನೆಗೆ ಒಳಗಾಯಿತು. ಮೂವತ್ತು ದಾಟಿದ ಮೇಲೆ ಅವರು ತಮ್ಮ ಬ್ಯಾಟಿಂಗ್‌ನ ವೇಗವನ್ನೇ ಬದಲಿಸಿಕೊಂಡು ಬಂದರು. 2024ರ ಜನವರಿಯಲ್ಲಿ ನವಿ ಮುಂಬೈನಲ್ಲಿ ಭಾರತದ ವಿರುದ್ಧ ತಮ್ಮ 300ನೆಯ ಅಂತರರಾಷ್ಟ್ರೀಯ ಕ್ರಿಕೆಟ್ ಪಂದ್ಯ ಆಡಿದಾಗ ಗೆಲುವಿನ ರನ್ನನ್ನು ಸಿಕ್ಸರ್‌ನಿಂದಲೇ ತಂದರು. ಆ ವರ್ಷದ ಮಹಿಳಾ ಪ್ರೀಮಿಯರ್ ಲೀಗ್ ಕನ್ನಡಿಗರಿಗೆ ನೆನಪಿಸಬೇಕಾದದ್ದಲ್ಲ. ಮಾರ್ಚ್ 4ರಂದು ಚಿನ್ನಸ್ವಾಮಿಯಲ್ಲಿ ಯುಪಿ ವಾರಿಯರ್ಸ್ ವಿರುದ್ಧ ಅವರು ಬಾರಿಸಿದ ಸಿಕ್ಸರ್ ಬೌಂಡರಿಯಾಚೆ ಪ್ರದರ್ಶನಕ್ಕಿಟ್ಟಿದ್ದ ಕಾರಿನ ಗಾಜನ್ನು ಒಡೆಯಿತು. ದೆಹಲಿಯಲ್ಲಿ ಮುಂಬೈ ಇಂಡಿಯನ್ಸ್ ವಿರುದ್ಧ 15 ರನ್‌ಗೆ 6 ವಿಕೆಟ್, ಎಲಿಮಿನೇಟರ್‌ನಲ್ಲಿ 66 ರನ್, ಮಾರ್ಚ್ 17ರ ಫೈನಲ್‌ನಲ್ಲಿ ಔಟಾಗದೆ 35. ಟೂರ್ನಿಯಲ್ಲಿ ಒಟ್ಟು 347 ರನ್‌ಗಳೊಂದಿಗೆ ಆರೆಂಜ್ ಕ್ಯಾಪ್. ಪುರುಷರ ತಂಡಕ್ಕೆ ಅಲ್ಲಿಯವರೆಗೆ ದಕ್ಕದ ಕಪ್ ಬೆಂಗಳೂರಿಗೆ ಬಂದಾಗ ಸ್ಮೃತಿ ಮಂದಾನ, ಶ್ರೇಯಾಂಕಾ ಪಾಟೀಲ ಅವರೊಂದಿಗೆ ಪೆರಿಯ ಹೆಸರೂ ಮನೆಮಾತಾಯಿತು.

ಹೀಗೆ ಕ್ರಿಕೆಟ್‌ನ ದಾಖಲೆ ಉದ್ದವಾದಷ್ಟೂ ಫುಟ್‌ಬಾಲ್‌ನ 18 ಪಂದ್ಯಗಳು ಚಿಕ್ಕದಾಗಿ ಕಾಣುತ್ತವೆ. ಆದರೆ ಇಂದು ಹದಿನಾರರ ಹುಡುಗಿಯೊಬ್ಬಳು ಅಂಥ 18 ಪಂದ್ಯಗಳನ್ನು ಆಡುವುದು ಹೆಚ್ಚುಕಡಿಮೆ ಅಸಾಧ್ಯ. ಬಿಗ್ ಬ್ಯಾಷ್, ಪ್ರೀಮಿಯರ್ ಲೀಗ್, ಅಂತರರಾಷ್ಟ್ರೀಯ ಸರಣಿಗಳು ಸೇರಿ ವರ್ಷದ ತಿಂಗಳುಗಳನ್ನು ಹಂಚಿಕೊಂಡಿವೆ, ಫುಟ್‌ಬಾಲ್ ಲೀಗ್‌ಗಳೂ ಹಾಗೆಯೇ ಬೆಳೆದಿವೆ. ನಮ್ಮಲ್ಲಿಯೂ ಜೆಮಿಮಾ ರಾಡ್ರಿಗಸ್ ಬಾಲ್ಯದಲ್ಲಿ ಮಹಾರಾಷ್ಟ್ರದ ಕಿರಿಯರ ಹಾಕಿ ತಂಡಗಳಲ್ಲಿ ಆಡಿ, ನಂತರ ಕ್ರಿಕೆಟ್ ಹಿಡಿದವರು. ಸಂಬಳ, ಲೀಗ್, ಪ್ರಸಾರ ಎಲ್ಲ ಬಂದಿರುವ ಈ ಕಾಲದಲ್ಲಿ ಹಿಂದಿನ ಖಾಲಿ ತಿಂಗಳುಗಳನ್ನು ಮರಳಿ ತರಲಾಗದು, ತರಬೇಕೆಂದು ನಾನು ಹೇಳುವುದೂ ಇಲ್ಲ. ಆದರೆ ಹದಿನೆಂಟು ತುಂಬುವವರೆಗೆ ಆಟಗಾರ್ತಿಯನ್ನು ಒಂದೇ ಆಟಕ್ಕೆ ಕಟ್ಟಿಹಾಕುವ ಒಪ್ಪಂದಗಳನ್ನು ಕ್ರೀಡಾಸಂಸ್ಥೆಗಳು ಕೈಬಿಡಬಹುದು, ಕಿರಿಯರ ಟೂರ್ನಿಗಳ ದಿನಾಂಕ ನಿಗದಿ ಮಾಡುವಾಗ ಬೇರೆ ಆಟಗಳ ಸಂಸ್ಥೆಗಳೊಂದಿಗೆ ಒಮ್ಮೆ ಮಾತನಾಡಬಹುದು. 2012ರಲ್ಲಿ ಸಿಡ್ನಿ ಎಫ್‌ಸಿ ಪೆರಿಗೆ ಮಾಡಿಕೊಟ್ಟದ್ದು ಇಷ್ಟೇ: ಕ್ರಿಕೆಟ್ ಇರುವ ದಿನ ಅವರು ಬರುವುದಿಲ್ಲ ಎಂದು ಮೊದಲೇ ಒಪ್ಪಿಕೊಂಡು, ಬರುವ ದಿನಗಳಿಗಾಗಿ ತಂಡದಲ್ಲಿ ಜಾಗ ಇಟ್ಟಿತು.